ಉಪ್ಪು ಒಂದೇ, ಹೆಣ್ಣಿನ ಲೆಕ್ಕ ಬೇರೆ

ಮುಟ್ಟು ನಿಂತ ಮೇಲೆ ಏರುವ ಬಿಪಿ: ಗಡಿಭಾಗದ ತಾಯಂದಿರು ತಿಳಿಯಬೇಕಾದ ಮಾತು

ಅಕ್ಕಲಕೋಟ: "ಹನ್ನೆರಡ ವರ್ಷ ಆತು, ನಿಮ್ಮ ಕಾಕಾಗ ಬಿಪಿ ಐತಿ ಅಂತ ಉಪ್ಪ ಕಡಿಮಿ ಹಾಕಿ ಅಡಗಿ ಮಾಡಾಕತ್ತೀನಿ. ಈಗ ನೋಡಿದ್ರ ನನಗೂ ಬಿಪಿ ಅಂತಾರ. ಇದ್ಯಾವ ನ್ಯಾಯಪಾ?"

ಹೀಗೆ ಕೇಳಿದವರು ಈ ವರದಿಗಾರನ ಚಿಗವ್ವ. ವಯಸ್ಸು 48. ಊರಿನಲ್ಲಿ ನಡೆದ ಆರೋಗ್ಯ ತಪಾಸಣೆ ಶಿಬಿರಕ್ಕೆ ಕಾಕಾನ ಜೊತೆಗೆ ಹೋದವರು. ತಮಗೇನೂ ಆಗಿಲ್ಲ ಎಂದು ಮರದ ನೆರಳಿಗೆ ಕೂತಿದ್ದರು. "ಬರ್ರಿ ಬಾಯಿ, ನಿಮ್ದೂ ನೋಡೂಣು" ಎಂದು ನರ್ಸ್ ಕರೆದು ತೋಳಿಗೆ ಪಟ್ಟಿ ಸುತ್ತಿದಾಗ ಮೇಲಿನ ಅಂಕಿ 164, ಕೆಳಗಿನದು 98 ಬಂತು. ಎರಡನೇ ಸಲ ನೋಡಿದರೂ ಹೆಚ್ಚು ಕಡಿಮೆ ಅಷ್ಟೇ. ಗುಳಿಗೆ ನುಂಗುವ ಕಾಕಾನದು ಮಾತ್ರ 130ರ ಆಸುಪಾಸು.

ಮನೆಯಲ್ಲಿ ಕೂತು ವಿಚಾರಿಸಿದಾಗ ಒಂದೊಂದೇ ಸಂಗತಿ ಹೊರಬಿತ್ತು. ಕಾಕಾನ ತಾಟಿಗೆ ಸಪ್ಪನೆಯ ಬೇಳೆ, ಸಪ್ಪನೆಯ ಪಲ್ಯೆ. ಎಲ್ಲರದೂ ಊಟ ಮುಗಿದ ಮೇಲೆ ಚಿಗವ್ವ ಕೂಡುವುದು. ಆಗ ಗಡಿಗೆಯಲ್ಲಿ ಪಲ್ಯೆ ಉಳಿದಿದ್ದರೆ ಉಂಟು, ಇಲ್ಲದಿದ್ದರೆ ರೊಟ್ಟಿಗೆ ಉಪ್ಪಿನಕಾಯಿ, ಶೇಂಗಾ ಹಿಂಡಿ, ಕೆಂಪು ಖಾರ. ಗಂಡನಿಗೆ ತಪ್ಪಿಸಿದ ಉಪ್ಪು ಹೆಂಡತಿಯ ಹೊಟ್ಟೆ ಸೇರುತ್ತಿತ್ತು.

ಎರಡನೇ ಸಂಗತಿಯನ್ನು ಚಿಗವ್ವ ನನಗೆ ಹೇಳಲಿಲ್ಲ, ಒಳಗೆ ಕರೆದು ನನ್ನ ಹೆಂಡತಿಗೆ ಹೇಳಿದರು. ನಾಲ್ಕು ವರ್ಷದ ಹಿಂದೆ ಹೊಟ್ಟೆನೋವು, ಬಿಳಿ ಸೆರಗು ಎಂದು ಖಾಸಗಿ ದವಾಖಾನೆಯೊಂದಕ್ಕೆ ಹೋಗಿದ್ದರು. "ಚೀಲ ತೆಗೆದುಬಿಡೋಣ, ಮುಂದೆ ತೊಂದರೆ ಇರೋದಿಲ್ಲ" ಎಂದು ಆಪರೇಶನ್ ಮಾಡಿದ್ದರು. ಆಗಿನಿಂದ ಮುಟ್ಟು ಇಲ್ಲ. ಮೈ ಬೆಂಕಿ ಹತ್ತಿದ ಹಾಗೆ ಉರಿಯುತ್ತದೆ, ರಾತ್ರಿ ಬೆವರು ಬರುತ್ತದೆ. ಬಿಪಿ ನೋಡಿದವರು ಮುಟ್ಟಿನ ಬಗ್ಗೆ ಕೇಳಲಿಲ್ಲ. ಇವರೂ ಹೇಳಲಿಲ್ಲ.

ಈ ಎರಡು ಸಂಗತಿಗಳ ನಡುವೆ, ಅಂದರೆ ಉಪ್ಪು ಮತ್ತು ಮುಟ್ಟಿನ ನಡುವೆ, ಗಟ್ಟಿ ನಂಟು ಇದೆ ಎಂಬುದನ್ನು ವಿಜ್ಞಾನಿಗಳು ಐವತ್ತು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಆದರೆ ಆ ಮಾತು ನಮ್ಮ ಹಳ್ಳಿಗಳ ಅಡುಗೆಮನೆಗೆ ಇನ್ನೂ ಬಂದಿಲ್ಲ.

ಉಪ್ಪಿನ ಜಮಾ-ಖರ್ಚು

ಬಿ.ಕಾಂ. ಓದಿದವನಿಗೆ ಇದು ಕೀರ್ದಿ ಪುಸ್ತಕದ ಲೆಕ್ಕದಂತೆ ಕಾಣುತ್ತದೆ. ತಿಂದ ಉಪ್ಪು ಜಮಾ, ಮೂತ್ರದಲ್ಲಿ ಹೋದ ಉಪ್ಪು ಖರ್ಚು. ಖರ್ಚಿನ ಹೊಣೆ ಬಹುಪಾಲು ಮೂತ್ರಪಿಂಡದ್ದು. ಆರೋಗ್ಯವಂತರಲ್ಲಿ ಒಂದು ದಿನ ಉಪ್ಪು ಹೆಚ್ಚಾದರೆ ಮೂತ್ರಪಿಂಡ ಒಂದೆರಡು ದಿನದಲ್ಲಿ ಅದನ್ನು ಹೊರಹಾಕಿ ಲೆಕ್ಕ ಸರಿ ಮಾಡುತ್ತದೆ. ಕೆಲವರಲ್ಲಿ ಮಾತ್ರ ಬಾಕಿ ಉಳಿಯುತ್ತದೆ. ಉಳಿದ ಉಪ್ಪು ತನ್ನ ಜೊತೆ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ರಕ್ತದ ಪ್ರಮಾಣ ಹೆಚ್ಚುತ್ತದೆ, ರಕ್ತನಾಳ ಸಡಿಲಗೊಳ್ಳಬೇಕಾದಲ್ಲಿ ಬಿಗಿಯಾಗುತ್ತದೆ, ಒತ್ತಡ ಏರುತ್ತದೆ. ಇಂಥವರಿಗೆ 'ಉಪ್ಪು ತಾಳದ ಮೈ' ಎನ್ನಬಹುದು. ವೈದ್ಯರು ಸಾಲ್ಟ್ ಸೆನ್ಸಿಟಿವ್ ಎನ್ನುತ್ತಾರೆ.

ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಮೈರನ್ ವೈನ್‌ಬರ್ಗರ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಿಪಿ ಇದ್ದವರ ಪೈಕಿ ಅರ್ಧದಷ್ಟು ಜನ, ಬಿಪಿ ಇಲ್ಲದವರ ಪೈಕಿ ಕಾಲು ಭಾಗದಷ್ಟು ಜನ ಇಂಥ ಮೈಯವರೆಂದು ಕಂಡುಬಂತು. ಬಿಪಿ ಇಲ್ಲದೆಯೂ ಉಪ್ಪು ತಾಳದ ಮೈ ಇರಬಹುದು, ವಯಸ್ಸಾದಂತೆ ಅದು ಬಿಪಿಗೆ ದಾರಿ ಮಾಡಬಹುದು ಎಂಬುದು ಇದರ ಅರ್ಥ. ಇದನ್ನು ಪತ್ತೆ ಹಚ್ಚಲು ನಮ್ಮ ದವಾಖಾನೆಗಳಲ್ಲಿ ಮಾಡಿಸಬಹುದಾದ ಸುಲಭದ ರಕ್ತಪರೀಕ್ಷೆ ಇಲ್ಲ. ಕೆಲವು ದಿನ ಕಡಿಮೆ ಉಪ್ಪು, ಕೆಲವು ದಿನ ಹೆಚ್ಚು ಉಪ್ಪು ಕೊಟ್ಟು ಒತ್ತಡದ ವ್ಯತ್ಯಾಸ ನೋಡಬೇಕು. ಅದು ಸಂಶೋಧನಾಲಯದ ಕೆಲಸ. ಹೀಗಾಗಿ ಯಾರಿಗೆ ಈ ಅಪಾಯ ಹೆಚ್ಚು ಎಂದು ತಿಳಿದಿರುವುದೇ ನಮಗಿರುವ ಉಪಾಯ.

ಇಲಿಗಳಿಂದ ತಿಳಿದದ್ದು

ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ಡಾ. ಲೂಯಿಸ್ ಡಾಲ್ ಉಪ್ಪಿನ ಹಿಂದೆಯೇ ಬಿದ್ದ ವೈದ್ಯ. 1962ರಲ್ಲಿ ಅವರು ಎರಡು ತಳಿಯ ಇಲಿಗಳನ್ನು ಬೆಳೆಸಿದ ವಿವರ ಪ್ರಕಟಿಸಿದರು. ಒಂದು ತಳಿ ಎಷ್ಟು ಉಪ್ಪು ತಿಂದರೂ ಜಗ್ಗದು. ಇನ್ನೊಂದು ತಳಿಗೆ ಉಪ್ಪು ಬಿದ್ದರೆ ಸಾಕು, ಬಿಪಿ ಏರುವುದು. ಇಂದಿಗೂ ಪ್ರಪಂಚದ ಪ್ರಯೋಗಾಲಯಗಳಲ್ಲಿ ಇವುಗಳಿಗೆ ಡಾಲ್ ಇಲಿಗಳೆಂದೇ ಹೆಸರು.

ಡಾಲ್ ತೀರಿಕೊಂಡ ವರ್ಷವಾದ 1975ರಲ್ಲಿ ಪ್ರಕಟವಾದ ಅವರ ಇನ್ನೊಂದು ಲೇಖನ ನಮ್ಮ ವಿಷಯಕ್ಕೆ ಮುಖ್ಯ. ಉಪ್ಪು ತಾಳದ ತಳಿಯಲ್ಲಿ ಹೆಣ್ಣಿಲಿಗಳಿಗೆ ಗಂಡಿಲಿಗಳಿಗಿಂತ ಬಿಪಿ ನಿಧಾನವಾಗಿ ಏರುತ್ತಿತ್ತು. ಆದರೆ ಹೆಣ್ಣಿಲಿಯ ಅಂಡಾಶಯ ತೆಗೆದುಬಿಟ್ಟರೆ ಆ ರಕ್ಷಣೆ ಉಳಿಯುತ್ತಿರಲಿಲ್ಲ, ಒತ್ತಡ ಬೇಗ ಏರುತ್ತಿತ್ತು. ಅಂಡಾಶಯದಿಂದ ಹೊರಡುವ ಏನೋ ಒಂದು ಉಪ್ಪಿಗೆ ತಡೆ ಒಡ್ಡುತ್ತಿದೆ ಎಂಬುದು ಅಲ್ಲಿಗೆ ಖಚಿತವಾಯಿತು.

ಕಾವಲು ಹೋದ ಹೊಲ

ಆ 'ಏನೋ ಒಂದು' ಮುಖ್ಯವಾಗಿ ಈಸ್ಟ್ರೋಜೆನ್ ಎಂಬ ಹಾರ್ಮೋನು. ಮುಟ್ಟು ಬರುವ ವಯಸ್ಸಿನಲ್ಲಿ ಹೆಣ್ಣಿನ ಅಂಡಾಶಯ ಇದನ್ನು ಧಾರಾಳವಾಗಿ ತಯಾರಿಸುತ್ತದೆ. ರಕ್ತನಾಳದ ಒಳಪದರದಲ್ಲಿ ನೈಟ್ರಿಕ್ ಆಕ್ಸೈಡ್ ಹೆಚ್ಚು ತಯಾರಾಗುವಂತೆ ಮಾಡಿ ನಾಳವನ್ನು ಸಡಿಲ ಇಡುತ್ತದೆ. ನಾಳವನ್ನು ಹಿಂಡಿ ಉಪ್ಪನ್ನು ಹಿಡಿದಿಡುವ ಆಂಜಿಯೊಟೆನ್ಸಿನ್ ಎಂಬ ವಸ್ತುವಿನ ಜೋರು ತಗ್ಗಿಸುತ್ತದೆ. ಮುಟ್ಟಿನ ಚಕ್ರದ ಎರಡನೇ ಅರ್ಧದಲ್ಲಿ ಹೆಚ್ಚುವ ಪ್ರೊಜೆಸ್ಟಿರೋನ್ ಎಂಬ ಇನ್ನೊಂದು ಹಾರ್ಮೋನು ಮೂತ್ರಪಿಂಡದಲ್ಲಿ ಉಪ್ಪು ಹಿಡಿಯುವ ಆಲ್ಡೋಸ್ಟಿರೋನ್‌ಗೆ ಪೈಪೋಟಿ ಕೊಟ್ಟು ಉಪ್ಪು ಹೊರಹೋಗಲು ನೆರವಾಗುತ್ತದೆ.

ಮುಟ್ಟು ನಿಂತಾಗ ಈ ಕಾವಲು ಹೋಗುತ್ತದೆ. ಕಾವಲುಗಾರ ಗುಡಿಸಲು ಬಿಟ್ಟು ಹೋದ ಹೊಲದ ಹಾಗೆ. ಅದೇ ಅಡುಗೆ, ಅದೇ ಉಪ್ಪು, ಅದೇ ಉಪ್ಪಿನಕಾಯಿ. ಆದರೆ ಮೂವತ್ತನೇ ವಯಸ್ಸಿನಲ್ಲಿ ಏನೂ ಮಾಡದ ಉಪ್ಪು ಐವತ್ತರಲ್ಲಿ ಒತ್ತಡ ಏರಿಸುತ್ತದೆ. "ನಾನೇನ ಹೆಚ್ಚಿಗಿ ತಿಂದೇನಿ? ಮೊದಲಿನಷ್ಟ ತಿಂತೀನಿ" ಎಂಬ ತಾಯಂದಿರ ಮಾತು ಖರೆ. ಊಟ ಬದಲಾಗಿಲ್ಲ, ಮೈ ಬದಲಾಗಿದೆ.

ಇದನ್ನು ಮನುಷ್ಯರಲ್ಲಿಯೇ ನೋಡಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಅಮೆರಿಕದ ಮಯಾಮಿಯ ವೈದ್ಯರು ಬಿಪಿಯಾಗಲಿ, ಸಕ್ಕರೆ ಕಾಯಿಲೆಯಾಗಲಿ ಇಲ್ಲದ 40 ಹೆಂಗಸರನ್ನು ಆಯ್ದುಕೊಂಡರು. ಸರಾಸರಿ ವಯಸ್ಸು 47. ಎಲ್ಲರಿಗೂ ಗರ್ಭಕೋಶ ಮತ್ತು ಅಂಡಾಶಯ ಎರಡನ್ನೂ ತೆಗೆಯುವ ಆಪರೇಶನ್ ಆಗಬೇಕಿತ್ತು. ಆಪರೇಶನ್ನಿನ ಮುಂಚೆ ಪರೀಕ್ಷಿಸಿದಾಗ 40ರಲ್ಲಿ 9 ಮಂದಿಗೆ ಉಪ್ಪು ತಾಳುತ್ತಿರಲಿಲ್ಲ. ನಾಲ್ಕು ತಿಂಗಳ ಬಳಿಕ ಅವರನ್ನೇ ಮತ್ತೆ ಪರೀಕ್ಷಿಸಿದರೆ ಆ ಸಂಖ್ಯೆ 21 ಆಗಿತ್ತು. ನಾಲ್ಕು ತಿಂಗಳಲ್ಲಿ ಯಾರೂ ಮುದುಕಿಯರಾಗುವುದಿಲ್ಲ. ವಯಸ್ಸಿನ ನೆಪ ಹೇಳುವಂತಿಲ್ಲ. ಹೋದದ್ದು ಅಂಡಾಶಯದ ಹಾರ್ಮೋನು.

ಚೀನಾದ ಹಳ್ಳಿಗಳ ಸಾಕ್ಷಿ

ಹಾಗಾದರೆ ಮುಟ್ಟು ಇರುವವರೆಗೆ ಹೆಣ್ಣಿಗೆ ಭಯವೇ ಇಲ್ಲವೇ? ಅಲ್ಲಿ ವಿಜ್ಞಾನಿಗಳ ಮಾತು ಇತ್ತೀಚೆಗೆ ಸ್ವಲ್ಪ ಬದಲಾಗಿದೆ. ಉತ್ತರ ಚೀನಾದ ಹಳ್ಳಿಗಳಲ್ಲಿ ನಡೆದ ಜೆನ್‌ಸಾಲ್ಟ್ ಎಂಬ ದೊಡ್ಡ ಅಧ್ಯಯನದಲ್ಲಿ 1,900ಕ್ಕೂ ಹೆಚ್ಚು ಜನರಿಗೆ ಏಳು ದಿನ ದಿನಕ್ಕೆ 3 ಗ್ರಾಂ ಉಪ್ಪಿನ ಊಟ, ನಂತರ ಏಳು ದಿನ 18 ಗ್ರಾಂ ಉಪ್ಪಿನ ಊಟ ಕೊಟ್ಟು ಬಿಪಿ ಅಳೆದರು. ಉಪ್ಪು ಕಡಿಮೆಯಾದಾಗ ಹೆಚ್ಚು ಇಳಿದದ್ದು, ಹೆಚ್ಚಾದಾಗ ಹೆಚ್ಚು ಏರಿದ್ದು ಹೆಂಗಸರ ಬಿಪಿ ಎಂದು 2009ರಲ್ಲಿ ವರದಿಯಾಯಿತು. ವಯಸ್ಸಾದವರಲ್ಲಿ, ಮೊದಲೇ ಬಿಪಿ ಇದ್ದವರಲ್ಲಿ ಈ ಏರಿಳಿತ ಇನ್ನೂ ಜಾಸ್ತಿ.

ಡಾಲ್ ಇಲಿಗಳಲ್ಲಿ ಗಂಡಿಗೆ ಹೆಚ್ಚು ತೊಂದರೆ, ಮನುಷ್ಯರಲ್ಲಿ ಹೆಣ್ಣಿಗೆ ಹೆಚ್ಚು ತೊಂದರೆ. ಇಲಿಯ ಲೆಕ್ಕವನ್ನು ಇದ್ದಕ್ಕಿದ್ದಂತೆ ಮನುಷ್ಯನಿಗೆ ಹಾಕಲಾಗದು ಎಂಬುದಕ್ಕೆ ಇದೇ ಉದಾಹರಣೆ. ಅಮೆರಿಕದ ಜಾರ್ಜಿಯಾದ ಅಗಸ್ಟಾ ವಿಶ್ವವಿದ್ಯಾಲಯದ ಸಂಶೋಧಕರು ಇದಕ್ಕೊಂದು ಕಾರಣ ಮುಂದಿಟ್ಟಿದ್ದಾರೆ. ಉಪ್ಪು ಹೆಚ್ಚು ತಿಂದಾಗ ಉಪ್ಪು ಹಿಡಿಯುವ ಆಲ್ಡೋಸ್ಟಿರೋನ್ ತಗ್ಗಬೇಕು. ಹೆಣ್ಣಿನಲ್ಲಿ ಅದು ತಗ್ಗಬೇಕಾದಷ್ಟು ತಗ್ಗದೇ ಹೋಗಬಹುದು, ಮೈಯ ಕೊಬ್ಬು ಹೆಚ್ಚಿದರೆ ಕೊಬ್ಬಿನಿಂದ ಬರುವ ಲೆಪ್ಟಿನ್ ಎಂಬ ಹಾರ್ಮೋನು ಅದನ್ನು ಮತ್ತಷ್ಟು ಏರಿಸಬಹುದು ಎಂಬುದು ಅವರ ವಾದ. ಒಟ್ಟಿನಲ್ಲಿ ಉಪ್ಪು ತಾಳದ ಸ್ವಭಾವ ಹೆಣ್ಣಿನ ಮೈಯಲ್ಲಿ ಮೊದಲೇ ಸ್ವಲ್ಪ ಹೆಚ್ಚು, ಈಸ್ಟ್ರೋಜೆನ್ ಇರುವತನಕ ಅದು ಅಡಗಿರುತ್ತದೆ, ಮುಟ್ಟು ನಿಂತ ಮೇಲೆ ಹೊರಬೀಳುತ್ತದೆ ಎಂದು ತಿಳಿದರೆ ತಪ್ಪಾಗದು.

ಗಂಡಸರು ಪಾರಾದರು ಎಂದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ಶೇ. 24, ಹೆಂಗಸರಲ್ಲಿ ಶೇ. 21 ಜನರಿಗೆ ಅಧಿಕ ರಕ್ತದೊತ್ತಡ ಇದೆ. ಹರೆಯದಲ್ಲಿ ಗಂಡಸರು ಮುಂದೆ. ಐವತ್ತರ ನಂತರ ಹೆಂಗಸರು ಅವರನ್ನು ಹಿಡಿಯುತ್ತಾರೆ, ಮುಪ್ಪಿನಲ್ಲಿ ದಾಟಿ ಹೋಗುತ್ತಾರೆ. "ಬಿಪಿ ಗಂಡಸರ ಬ್ಯಾನಿ, ಟೆನ್ಶನ್ ಇದ್ದವರ ಬ್ಯಾನಿ" ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿರುವುದರಿಂದ ಹೆಂಗಸರ ತೋಳಿಗೆ ಪಟ್ಟಿ ಸುತ್ತುವುದೇ ತಡವಾಗುತ್ತದೆ.

'ಚೀಲ' ತೆಗೆಸಿದವರ ಪ್ರಶ್ನೆ

ಭಾರತದಲ್ಲಿ ಮುಟ್ಟು ತಾನಾಗಿ ನಿಲ್ಲುವುದು ಸರಾಸರಿ 46–47ನೇ ವಯಸ್ಸಿಗೆ. ಯೂರೋಪ್, ಅಮೆರಿಕದ ಹೆಂಗಸರಿಗಿಂತ ನಾಲ್ಕೈದು ವರ್ಷ ಮೊದಲು. ಅದರ ಮೇಲೆ ಗರ್ಭಕೋಶದ ಆಪರೇಶನ್. ಮೇಲೆ ಹೇಳಿದ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇ. 3 ಮಂದಿಗೆ ಗರ್ಭಕೋಶ ತೆಗೆಯಲಾಗಿತ್ತು. ಆಂಧ್ರಪ್ರದೇಶದಲ್ಲಿ ಇದು ಸುಮಾರು ಶೇ. 9, ತೆಲಂಗಾಣದಲ್ಲಿ ಸುಮಾರು ಶೇ. 8. ಆದೋನಿ, ರಾಯದುರ್ಗ, ಮಡಕಶಿರಾ ಕಡೆಯ ನಮ್ಮ ಬೀಗರು ಈ ಅಂಕಿ ಗಮನಿಸಬೇಕು.

ನಮ್ಮ ಮಹಾರಾಷ್ಟ್ರದಲ್ಲಿ ಬೀಡ ಜಿಲ್ಲೆಯ ಸಂಗತಿ 2019ರಲ್ಲಿ ದೇಶಕ್ಕೇ ಸುದ್ದಿಯಾಯಿತು. ರಾಜ್ಯ ಸರಕಾರ ನೀಲಂ ಗೋರ್ಹೆ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಕಬ್ಬು ಕಡಿಯುವ 82 ಸಾವಿರಕ್ಕೂ ಹೆಚ್ಚು ಹೆಂಗಸರ ಸಮೀಕ್ಷೆಯಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿಗೆ ಗರ್ಭಕೋಶ ಇರಲಿಲ್ಲ. ಆರು ಜನರಲ್ಲಿ ಒಬ್ಬರು. ಮುಟ್ಟಿನ ದಿನ ಕೆಲಸ ತಪ್ಪಿದರೆ ಮುಕಾದಮನಿಗೆ ದಂಡ ಕಟ್ಟಬೇಕು ಎಂಬ ಅಂಜಿಕೆಯೂ ಇದರ ಹಿಂದಿತ್ತು ಎಂದು ಆಗ ವರದಿಯಾಗಿತ್ತು. ಕಬ್ಬಿನ ಹಂಗಾಮಿಗೆ ಗಂಡ-ಹೆಂಡತಿ ಜೋಡಿಯಾಗಿ 'ಕೊಯತಾ' ಹಿಡಿದು ಹೋಗುವ ಕುಟುಂಬಗಳು ಗಡಿಯ ಈಚೆಗೂ ಆಚೆಗೂ ಇವೆ.

ಇಲ್ಲೊಂದು ವ್ಯತ್ಯಾಸ ತಿಳಿಯಬೇಕು. ಗರ್ಭಕೋಶ ಅಂದರೆ ಚೀಲ. ಅದು ಹಾರ್ಮೋನು ತಯಾರಿಸುವ ಜಾಗವಲ್ಲ. ಹಾರ್ಮೋನು ತಯಾರಾಗುವುದು ಅದರ ಎರಡೂ ಬದಿಯ ಅಂಡಾಶಯದಲ್ಲಿ. ಚೀಲ ಮಾತ್ರ ತೆಗೆದು ಅಂಡಾಶಯ ಉಳಿಸಿದ್ದರೆ ಮುಟ್ಟು ನಿಂತರೂ ಹಾರ್ಮೋನು ಬರುತ್ತಿರುತ್ತದೆ. ಆದರೂ ಅಂಥವರಲ್ಲಿ ಅಂಡಾಶಯ ಕೆಲವು ವರ್ಷ ಮೊದಲೇ ಸೋಲುವುದುಂಟು. ಎರಡೂ ಅಂಡಾಶಯ ತೆಗೆದಿದ್ದರೆ ಕಾವಲು ಒಂದೇ ದಿನದಲ್ಲಿ ಹೋದಂತೆ. 35ನೇ ವಯಸ್ಸಿಗೆ ಈ ಆಪರೇಶನ್ ಆದ ಹೆಣ್ಣುಮಗಳು ಉಪ್ಪಿನ ಲೆಕ್ಕದಲ್ಲಿ 50 ದಾಟಿದವರ ಸಾಲಿಗೆ ಸೇರುತ್ತಾಳೆ.

ನಮ್ಮ ಚಿಗವ್ವನಿಗೆ ಏನು ತೆಗೆದಿದ್ದಾರೆ ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಡಿಸ್ಚಾರ್ಜ್ ಕಾರ್ಡ್ ಹುಡುಕಿದರೆ ಟ್ರಂಕಿನ ತಳದಲ್ಲಿ, ಹಳೆಯ ರೇಶನ್ ಕಾರ್ಡಿನ ಜೊತೆ ಸಿಕ್ಕಿತು. ಅದರಲ್ಲಿ ಎರಡೂ ಅಂಡಾಶಯ ತೆಗೆದ ಬಗ್ಗೆ ಬರೆದಿತ್ತು. "ನನಗ ಚೀಲ ಅಷ್ಟ ಅಂದಿದ್ರು" ಎಂದು ಚಿಗವ್ವ ಸುಮ್ಮನಾದರು.

ಬಸುರಿನ ಬಿಪಿ ಮರೆಯಬೇಡಿ

ಹೆಣ್ಣಿನ ಬಿಪಿ ಲೆಕ್ಕದಲ್ಲಿ ಇನ್ನೊಂದು ಪುಟ ಬಸುರಿನದು. ಬಸುರಿದ್ದಾಗ ಬಿಪಿ ಏರಿ, ಮೂತ್ರದಲ್ಲಿ ಪ್ರೋಟೀನ್ ಹೋಗಿ, ಮುಖ-ಕೈ ಬಾತು ತೊಂದರೆಯಾದವರಿಗೆ ಮುಂದೆ ಬಿಪಿ ಬರುವ ಸಂಭವ ಬೇರೆಯವರಿಗಿಂತ ಹೆಚ್ಚು. ಹೆರಿಗೆಯಾದ ಮೇಲೆ ಬಿಪಿ ಇಳಿಯಿತು ಎಂದು ಮರೆತುಬಿಡುವವರೇ ಜಾಸ್ತಿ. ಅಂಥವರು ವರ್ಷಕ್ಕೊಮ್ಮೆಯಾದರೂ ನೋಡಿಸಬೇಕು. ಬಸುರಿನಲ್ಲಿ ಬಿಪಿ ಬಂದರೆ ಉಪ್ಪು ಪೂರ್ತಿ ಬಿಟ್ಟು ಮನೆಮದ್ದು ಮಾಡುವುದು ಪರಿಹಾರವಲ್ಲ. ತಡಮಾಡದೆ ದವಾಖಾನೆಗೆ ಹೋಗುವುದೇ ಪರಿಹಾರ. ಗರ್ಭನಿರೋಧಕ ಗುಳಿಗೆಯೂ ಕೆಲವರ ಬಿಪಿ ಏರಿಸುತ್ತದೆ. ಶುರು ಮಾಡುವ ಮೊದಲು, ಆಮೇಲೂ ಬಿಪಿ ನೋಡಿಸಿಕೊಳ್ಳುವುದು ಒಳ್ಳೆಯದು.

ಉಪ್ಪಿನ ಪಾಕೀಟಿನ ಪರೀಕ್ಷೆ

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಚಹಾ ಚಮಚದಷ್ಟು ಉಪ್ಪು. ನಮ್ಮ ದೇಶದಲ್ಲಿ 2017–18ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಲೆಕ್ಕದಂತೆ ಸರಾಸರಿ 8 ಗ್ರಾಂ ತಿನ್ನುತ್ತೇವೆ. ಗಂಡಸರು 8.9, ಹೆಂಗಸರು 7.1. ಅಂದರೆ ಹೆಂಗಸರು ತಿನ್ನುವುದು ಕಡಿಮೆ, ಆದರೂ ಅವರ ಮೈಗೆ ಅದು ತಟ್ಟುವುದು ಹೆಚ್ಚು.

ನಿಮ್ಮ ಮನೆಯ ಲೆಕ್ಕ ನೀವೇ ಮಾಡಬಹುದು. ಐದು ಜನ ದೊಡ್ಡವರಿರುವ ಮನೆಗೆ ತಲೆಗೆ 5 ಗ್ರಾಮಿನಂತೆ ತಿಂಗಳಿಗೆ 750 ಗ್ರಾಂ ಉಪ್ಪು ಸಾಕು. ಒಂದು ಕಿಲೋ ಪಾಕೀಟು ನಲವತ್ತು ದಿನ ಬರಬೇಕು. ತಿಂಗಳಿಗೇ ಮುಗಿದರೆ ತಲೆಗೆ ಆರೂವರೆ ಗ್ರಾಂ ದಾಟಿತು. ತಿಂಗಳಿಗೆ ಎರಡು ಪಾಕೀಟು ಬೇಕಾದರೆ 13 ಗ್ರಾಂ! ಇದರಲ್ಲಿ ಬೇಸಿಗೆಯಲ್ಲಿ ಉಪ್ಪಿನಕಾಯಿಗೆ ತಂದ ಕಲ್ಲುಪ್ಪು ಸೇರಿಲ್ಲ. ಅಂಗಡಿಯ ಫರಸಾಣ, ಬಿಸ್ಕೀಟು, ಪಾವ್, ಬಸ್‌ಸ್ಟ್ಯಾಂಡಿನ ಭಜಿ ಸೇರಿಲ್ಲ. ಬಿಸ್ಕೀಟು, ಪಾವ್ ಸಿಹಿ ಇಲ್ಲವೇ ಸಪ್ಪೆ ಎನಿಸಿದರೂ ಅವುಗಳಲ್ಲಿ ಉಪ್ಪು, ಸೋಡಾ ಇರುತ್ತದೆ. ಸೋಡಾದಲ್ಲೂ ಇರುವುದು ಅದೇ ಸೋಡಿಯಂ.

ನಮ್ಮ ಕಡೆಯ ಊಟದಲ್ಲಿ ಒಂದು ದೊಡ್ಡ ಅನುಕೂಲ ಇದೆ. ಜೋಳದ ರೊಟ್ಟಿಗೆ ಉಪ್ಪು ಹಾಕದೆ ಬಡಿಯುವ ಮನೆಗಳೇ ಹೆಚ್ಚು. ಆದರೆ ರೊಟ್ಟಿ ಸಪ್ಪೆ ಎಂದು ಪಕ್ಕಕ್ಕೆ ಬರುವುದೆಲ್ಲ ಖಾರ-ಉಪ್ಪಿನದು: ಶೇಂಗಾ ಹಿಂಡಿ, ಕೆಂಪು ಖಾರ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ. ಹಿಂಡಿಗೆ ಉಪ್ಪು ಅರ್ಧ ಮಾಡಿ ಬೆಳ್ಳುಳ್ಳಿ, ಜೀರಿಗೆ ಹೆಚ್ಚಿಸಿ. ಪಲ್ಯೆಗೆ ಹುಳಿ ಹಿಂಡಿದರೆ ಉಪ್ಪಿನ ಕೊರತೆ ನಾಲಿಗೆಗೆ ತಿಳಿಯುವುದಿಲ್ಲ. ಪುಂಡಿ ಪಲ್ಯೆ ಅದಕ್ಕೇ ನಮ್ಮವರಿಗೆ ದೇವರು ಕೊಟ್ಟದ್ದು. ಮಜ್ಜಿಗೆಗೆ ಉಪ್ಪು ಬಿಟ್ಟು ಕೊತ್ತಂಬರಿ, ಹಸಿ ಶುಂಠಿ ಹಾಕಿ. ನಾಲಿಗೆ ಕೆಲವು ವಾರ ಹಟ ಮಾಡುತ್ತದೆ, ಆಮೇಲೆ ಹೊಂದಿಕೊಳ್ಳುತ್ತದೆ.

ಫಲ ಸಿಗಲು ವರ್ಷಗಟ್ಟಲೆ ಕಾಯಬೇಕಿಲ್ಲ. ಅಮೆರಿಕದಲ್ಲಿ 412 ಜನರ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಡ್ಯಾಶ್-ಸೋಡಿಯಂ ಪ್ರಯೋಗದಲ್ಲಿ ಒಂದೊಂದು ಮಟ್ಟದ ಉಪ್ಪಿನ ಊಟ ಕೊಟ್ಟಿದ್ದು 30 ದಿನ ಮಾತ್ರ. ಸಾಮಾನ್ಯ ಊಟದಲ್ಲಿಯೇ ಉಪ್ಪನ್ನು ಹೆಚ್ಚಿನಿಂದ ಕಡಿಮೆಗೆ ಇಳಿಸಿದಾಗ ಮೇಲಿನ ಅಂಕಿ ಸರಾಸರಿ 6.7ರಷ್ಟು ಇಳಿಯಿತು. ತೊಪ್ಪಲಪಲ್ಯೆ, ಕಾಳು, ಹಣ್ಣು ಹೆಚ್ಚಿದ ಊಟದ ಜೊತೆ ಸೇರಿದಾಗ ಇನ್ನೂ ಇಳಿಯಿತು.

ಸೈಂಧವ, ಕಲ್ಲುಪ್ಪು, ಹೊಸ ಉಪ್ಪು

"ಸೈಂಧವ ಉಪ್ಪು ತಿಂದರ ಬಿಪಿ ಬರೂದಿಲ್ಲ" ಎಂಬ ಮಾತು ಸಂತೆಯಲ್ಲಿ ಬಹಳ ಓಡುತ್ತದೆ. ಸೈಂಧವವಾಗಲಿ, ಕಪ್ಪುಪ್ಪಾಗಲಿ, ನಮ್ಮ ಮರಾಠಿ ನೆರೆಯವರು ಜಾಡೇ ಮೀಠ ಎನ್ನುವ ಕಲ್ಲುಪ್ಪಾಗಲಿ, ಎಲ್ಲದರಲ್ಲೂ ಇರುವುದು ಬಹುಪಾಲು ಅದೇ ಸೋಡಿಯಂ ಕ್ಲೋರೈಡ್. ಬಣ್ಣ ಬೇರೆ, ಬೆಲೆ ಬೇರೆ, ಕೆಲಸ ಅದೇ. ಮೇಲಾಗಿ ಅವುಗಳಲ್ಲಿ ಅಯೋಡಿನ್ ಬೆರೆಸಿರದಿದ್ದರೆ ಅದು ಇನ್ನೊಂದು ಕೊರತೆ.

ಸೋಡಿಯಂ ಕಡಿಮೆ ಮಾಡಿ ಪೊಟ್ಯಾಸಿಯಂ ಬೆರೆಸಿದ ಉಪ್ಪಿನ ಮಾತು ಬೇರೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥ ಉಪ್ಪು ಬಳಸಿದವರಲ್ಲಿ ಲಕ್ವಾ ಶೇ. 14ರಷ್ಟು ಕಡಿಮೆಯಾಯಿತು. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇದರ ಪರವಾಗಿ ಸಲಹೆ ನೀಡಿದೆ. ಆದರೆ ಮೂತ್ರಪಿಂಡದ ಕಾಯಿಲೆ ಇದ್ದವರಿಗೆ, ಪೊಟ್ಯಾಸಿಯಂ ಏರಿಸುವ ಕೆಲವು ಬಿಪಿ ಗುಳಿಗೆ ನುಂಗುವವರಿಗೆ ಇದು ಅಪಾಯ. ಗರ್ಭಿಣಿಯರಿಗೂ ಮಕ್ಕಳಿಗೂ ಆ ಸಲಹೆ ಅನ್ವಯಿಸದು. ಆದ್ದರಿಂದ ಡಾಕ್ಟರರನ್ನು ಕೇಳದೆ ಬದಲಿಸುವುದು ಬೇಡ.

ಹಾಗೆಂದು ಉಪ್ಪು ಪೂರ್ತಿ ಬಿಡುವುದೂ ತಪ್ಪು. ಮೂತ್ರ ಹೆಚ್ಚಿಸುವ ಬಿಪಿ ಗುಳಿಗೆ ತೆಗೆದುಕೊಳ್ಳುವ ವಯಸ್ಸಾದ ತಾಯಂದಿರಲ್ಲಿ ರಕ್ತದ ಸೋಡಿಯಂ ತೀರ ಇಳಿದು ತಲೆ ಸುತ್ತು, ಮಂಕು, ಗೊಂದಲ ಉಂಟಾಗುವುದುಂಟು. ವಾಂತಿ-ಭೇದಿಯಾದಾಗ ಓಆರ್‌ಎಸ್ ಬೇಕೇ ಬೇಕು. ಬೇಕಿರುವುದು ಹಿತಮಿತ, ಉಪವಾಸವಲ್ಲ. ಬಿಪಿ ಇಳಿಯಿತೆಂದು ಗುಳಿಗೆಯನ್ನು ತಾವಾಗಿಯೇ ನಿಲ್ಲಿಸುವುದು, ಹೋದ ಹಾರ್ಮೋನು ತುಂಬಲು ತಾವಾಗಿಯೇ ಗುಳಿಗೆ ತರುವುದು ಎರಡೂ ಬೇಡ. ಹಾರ್ಮೋನ್ ಗುಳಿಗೆ ಬಿಪಿಗೆ ಕೊಡುವ ಔಷಧವಲ್ಲ.

ಡಾಕ್ಟರರ ಮುಂದೆ ಏನು ಹೇಳಬೇಕು?

ಗಡಿಭಾಗದ ನಮ್ಮ ತಾಯಂದಿರದು ಇನ್ನೊಂದು ಅಡಚಣೆ. ದವಾಖಾನೆಯಲ್ಲಿ ಎಲ್ಲವೂ ಮರಾಠಿ. ಸಂತೆ ವ್ಯವಹಾರಕ್ಕೆ ಸಾಕಾಗುವ ಮರಾಠಿ ಮುಟ್ಟಿನ ವಿಷಯ ಹೇಳಲು ಬಾಯಿಗೆ ಬರುವುದಿಲ್ಲ. ಅದರಲ್ಲೂ ಗಂಡು ಡಾಕ್ಟರ್, ಪಕ್ಕದಲ್ಲಿ ಮಗ ಇಲ್ಲವೇ ಮೈದುನ. ಕೇಳಿದ್ದಕ್ಕೆಲ್ಲ "ಹೋ, ಹೋ" ಎಂದು ತಲೆ ಅಲ್ಲಾಡಿಸಿ ಬರುತ್ತಾರೆ. ಆಳಂದ, ಇಂಡಿ, ಅಫಜಲಪುರ ಕಡೆ ಕೊಟ್ಟ ಹೆಣ್ಣುಮಕ್ಕಳದು ಮತ್ತೊಂದು ತೊಡಕು. ಆಪರೇಶನ್ ಆದದ್ದು ಸೋಲಾಪುರದಲ್ಲಿ, ಈಗ ತೋರಿಸುವುದು ಕಲಬುರಗಿಯಲ್ಲಿ ಇಲ್ಲವೇ ವಿಜಯಪುರದಲ್ಲಿ. ಹಳೆಯ ಕಾಗದ ತವರುಮನೆಯ ಟ್ರಂಕಿನಲ್ಲಿ.

ಅದಕ್ಕೆ ಮೂರು ಮಾತು ಬಾಯಿಪಾಠ ಇರಲಿ. ಮುಟ್ಟು ನಿಂತಿದ್ದರೆ "ಪಾಳೀ ಬಂದ ಝಾಲೀ" ಎನ್ನಿ, ಎಷ್ಟು ವರ್ಷವಾಯಿತೆಂದೂ ಹೇಳಿ. ಗರ್ಭಕೋಶ ತೆಗೆಸಿದ್ದರೆ "ಪಿಶವೀ ಕಾಢಲೀ" ಎನ್ನಿ, ಅಂಡಾಶಯವೂ ಹೋಗಿದೆಯೇ ಎಂದು ಕಾಗದ ತೋರಿಸಿ ಕೇಳಿ. ಬಸುರಿನಲ್ಲಿ ಬಿಪಿ ಬಂದಿದ್ದರೆ ಅದನ್ನೂ ಬಿಡದೆ ಹೇಳಿ. ಬಾಯಿ ಬರದಿದ್ದರೆ ಚೀಟಿಯಲ್ಲಿ ಬರೆಸಿಕೊಂಡು ಹೋಗಿ. ಆಶಾ ಕಾರ್ಯಕರ್ತೆಯರಲ್ಲಿ ಕನ್ನಡ ಬಲ್ಲವರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ, ಅವರ ಮುಂದೆ ನಾಚಿಕೆ ಬೇಕಿಲ್ಲ.

30 ವರ್ಷ ದಾಟಿದ ಎಲ್ಲರಿಗೂ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಸಕ್ಕರೆ ತಪಾಸಣೆ ಉಚಿತ. ಹೋದ ಕೂಡಲೇ ತೋಳು ಚಾಚಬೇಡಿ. ಐದು ನಿಮಿಷ ಬೆನ್ನು ಆನಿಸಿ ಸುಮ್ಮನೆ ಕೂಡಿ. ಮಾತು ಬೇಡ. ಅದಕ್ಕೂ ಮೊದಲಿನ ಅರ್ಧ ತಾಸು ಚಹಾ, ತಂಬಾಕು ಬೇಡ. ಎರಡು ಸಲ ನೋಡಿಸಿ, ಬೇರೆ ದಿನ ಮತ್ತೊಮ್ಮೆ ನೋಡಿಸಿ. ಮೇಲಿನದು 140 ಅಥವಾ ಕೆಳಗಿನದು 90, ಇಲ್ಲವೇ ಅದಕ್ಕೂ ಮೇಲೆ ಮತ್ತೆ ಮತ್ತೆ ಬಂದರೆ ಅದು ಬಿಪಿ. ತಲೆನೋವು ಬರಲಿ ನೋಡೋಣ ಎಂದು ಕಾಯಬೇಡಿ. ಬಹಳ ಜನರಿಗೆ ಬಿಪಿ ಯಾವ ನೋವನ್ನೂ ಕೊಡುವುದಿಲ್ಲ, ನೇರ ಲಕ್ವಾ ಇಲ್ಲವೇ ಹೃದಯಾಘಾತವಾಗಿ ಬರುತ್ತದೆ.

ಮನೆಗೆ ಒಂದೇ ಗಡಿಗೆ

ಚಿಗವ್ವನ ಮನೆಯಲ್ಲಿ ಈಗ ಬದಲಾವಣೆಯಾಗಿದೆ. ಡಾಕ್ಟರರು ಬರೆದ ಗುಳಿಗೆ ದಿನಾ ಬೆಳಿಗ್ಗೆ. ಡಿಸ್ಚಾರ್ಜ್ ಕಾರ್ಡಿಗೆ ಪ್ಲಾಸ್ಟಿಕ್ ಹಾಕಿಸಿ ಬಿಪಿ ಚೀಟಿಯ ಜೊತೆ ಇಟ್ಟಿದ್ದಾರೆ. ಉಪ್ಪಿನಕಾಯಿ ಭರಣಿ ಅಟ್ಟ ಸೇರಿದೆ, ಹಬ್ಬಕ್ಕೆ ಮಾತ್ರ ಇಳಿಯುತ್ತದೆ. ಎಲ್ಲರಿಗೂ ಒಂದೇ ಅಡುಗೆ, ಒಂದೇ ಉಪ್ಪು. ಸೊಸೆಗೂ ಮೊಮ್ಮಕ್ಕಳಿಗೂ ಈಗಿನಿಂದಲೇ ಅದೇ ರುಚಿ ರೂಢಿಯಾಗುತ್ತಿದೆ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಮಾಡಿದ್ದು ಕಾಕಾ. "ನೀ ಕುಂದ್ರು, ಜೋಡಿಲೆ ಉಣ್ಣೂಣು" ಎಂದು ಚಿಗವ್ವನನ್ನು ತಮ್ಮ ಜೊತೆಗೇ ಊಟಕ್ಕೆ ಕೂಡಿಸುತ್ತಾರೆ. ಗಡಿಗೆಯಲ್ಲಿ ಪಲ್ಯೆ ಇರುವಾಗಲೇ ಅವರ ತಾಟಿಗೂ ಬೀಳುತ್ತದೆ.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ಗಾದೆ ನಮ್ಮೆಲ್ಲರ ಬಾಯಲ್ಲಿದೆ. ಗಾದೆಯ ಎರಡನೇ ಅರ್ಧ ಉಳಿಯಬೇಕಾದರೆ ಮೊದಲನೇ ಅರ್ಧ ಸ್ವಲ್ಪ ಕಡಿಮೆಯಾಗಬೇಕು. ನಿಮ್ಮ ಮನೆಯಲ್ಲಿ ನಲವತ್ತೈದು ದಾಟಿದ ಅವ್ವ, ಅಕ್ಕ, ಅತ್ತಿಗೆ, ಚಿಗವ್ವ ಇದ್ದರೆ, ಇಲ್ಲವೇ ಚೀಲ ತೆಗೆಸಿದ ಸಣ್ಣ ವಯಸ್ಸಿನ ಹೆಣ್ಣುಮಗಳಿದ್ದರೆ, ಈ ವಾರವೇ ಕರೆದುಕೊಂಡು ಹೋಗಿ ಬಿಪಿ ನೋಡಿಸಿ.